ಅಡುಗೆಮನೆಗೆ ಒಂದು ಕಾಯಿದೆ, ಬಚ್ಚಲಿಗೆ ಇನ್ನೊಂದು

ಶೇಂಗಾ ಮೈಗೆ ಒಗ್ಗದ ಮಗುವೊಂದು ಹೊಸಪೇಟೆಯಲ್ಲಿ ಬೆಳೆಯುವುದು ಸುಲಭವಲ್ಲ. ಬೆಳಗಿನ ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ, ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಹಬ್ಬಕ್ಕೆ ಶೇಂಗಾ ಹೋಳಿಗೆ, ಸಂಜೆ ಬಸ್ ನಿಲ್ದಾಣದಲ್ಲಿ ಕಾಗದದ ಪೊಟ್ಟಣದ ತುಂಬ ಹುರಿದ ಶೇಂಗಾ. ಇಂಥ ಮಗುವಿರುವ ಮನೆಯವರು ಬೇಗ ಪಳಗುತ್ತಾರೆ. ಹೋಟೆಲಿನಲ್ಲಿ ಎರಡು ಸಲ ಕೇಳುತ್ತಾರೆ, ಶಾಲೆಗೆ ಡಬ್ಬಿ ಕಟ್ಟುತ್ತಾರೆ, ಟೀಚರಿಗೆ ಹೇಳಿಟ್ಟಿರುತ್ತಾರೆ, ಮದುವೆಮನೆಯಲ್ಲಿ ಪಂಕ್ತಿಯಿಂದ ಮಗುವನ್ನು ಎಬ್ಬಿಸಿಕೊಂಡು ಬಂದು ಬೈಸಿಕೊಂಡಿರುತ್ತಾರೆ. ಇಷ್ಟೆಲ್ಲ ಎಚ್ಚರ ಇರುವ ಮನೆಯಲ್ಲೂ ಸ್ನಾನದ ಎಣ್ಣೆ, ಸೋಪು, ಮುಖಕ್ಕೆ ಹಚ್ಚುವ ಕ್ರೀಮು, ತುಟಿಗೆ ಸವರುವ ಮುಲಾಮು ಯಾವುದರಿಂದ ಆಗಿವೆ ಎಂದು ನೋಡುವವರು ಕಡಿಮೆ. ನೋಡಿದರೂ ತಿಳಿಯುವಂತೆ ಬರೆದಿರುವುದಿಲ್ಲ. ನನ್ನ ತಕರಾರು ಇರುವುದು ಈ ಎರಡನೆಯ ಮಾತಿನ ಬಗ್ಗೆ.

ತಿನ್ನುವ ಪದಾರ್ಥದ ವಿಷಯದಲ್ಲಿ ನಮ್ಮ ಕಾಯಿದೆ ಸ್ಪಷ್ಟವಾಗಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಸೋಯಾ, ಶೇಂಗಾ ಮತ್ತು ಬಾದಾಮಿ-ಗೋಡಂಬಿಯಂಥ ಮರದ ಬೀಜಗಳು ಇದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ಹೇಳಲೇಬೇಕು. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, ಆ ಸಾಲು ಸಿಗುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಸೌಂದರ್ಯವರ್ಧಕ ನಿಯಮಗಳಲ್ಲಿ ಅಂಥ ಸಾಲಿಗೆ ಜಾಗವೇ ಇಲ್ಲ. ಘಟಕಗಳ ಪಟ್ಟಿ ಕೊಡಬೇಕು, ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಆಮೇಲೆ, ಶೇಕಡಾ ಒಂದಕ್ಕಿಂತ ಕಡಿಮೆ ಇರುವವು ಹೇಗಾದರೂ ಬರಬಹುದು. ಅಷ್ಟೇ. ಅಲರ್ಜಿಯ ಬಗ್ಗೆ ಬೇರೆ ಮಾತು ಬೇಕಿಲ್ಲ. 60 ಮಿಲಿಲೀಟರಿಗಿಂತ ಚಿಕ್ಕ ಬಾಟಲಿ, 30 ಗ್ರಾಮಿಗಿಂತ ಚಿಕ್ಕ ಡಬ್ಬಿಯಾದರೆ ಆ ಪಟ್ಟಿಯಿಂದಲೂ ವಿನಾಯಿತಿ. ಕಂಪ್ಲಿಯ ಕಿರಾಣಿ ಅಂಗಡಿಯಲ್ಲಿ ಸರದ ಹಾಗೆ ತೂಗುಹಾಕಿರುವ ಶಾಂಪೂ, ಎಣ್ಣೆಯ ಪುಟ್ಟ ಸ್ಯಾಶೆಗಳು ಇದೇ ಗುಂಪಿನವು. ಕೂಲಿಯ ಮನೆಗಳು ಹೆಚ್ಚಾಗಿ ಕೊಳ್ಳುವುದು ಅವನ್ನೇ. ಕಡಿಮೆ ದುಡ್ಡಿನವರಿಗೆ ಕಡಿಮೆ ಮಾಹಿತಿ ಎಂಬ ಏರ್ಪಾಡನ್ನು ನಾನು ಒಪ್ಪಲಾರೆ.

ಅಡುಗೆಮನೆಯನ್ನೂ ಬಚ್ಚಲನ್ನೂ ಹೀಗೆ ಬೇರೆ ಮಾಡಿದ್ದು ಕಾಯಿದೆಯೇ ಹೊರತು ನಮ್ಮ ಬದುಕಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಸನ ದಿನಚರಿ ಬರೆದಿಟ್ಟಿದ್ದಾನೆ. ರಾಯ ದಿನಾ ನಸುಕಿನಲ್ಲಿ ಎಳ್ಳೆಣ್ಣೆ ಕುಡಿಯುತ್ತಿದ್ದ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಿನಲ್ಲಿ ಇಳಿದುಹೋಗುವ ತನಕ ಸಾಮು ಮಾಡುತ್ತಿದ್ದ. ಕುಡಿಯುವ ಎಣ್ಣೆ, ಹಚ್ಚುವ ಎಣ್ಣೆ ಎರಡೂ ಒಂದೇ. ಐನೂರು ವರ್ಷ ಕಳೆದರೂ ಹಂಪಿಯ ಸುತ್ತಿನ ಮನೆಗಳಲ್ಲಿ ರೂಢಿ ಹೆಚ್ಚು ಬದಲಾಗಿಲ್ಲ. ಕೂಸಿಗೆ ಎರೆಯುವಾಗ ಕೊಬ್ಬರಿ ಎಣ್ಣೆ ಅಥವಾ ಔಡಲೆಣ್ಣೆ, ಮೈ ಉಜ್ಜಲು ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ನೆನೆಹಾಕಿ ಅರೆದ ಮೆಂತ್ಯ. ಎಲ್ಲವೂ ಒಲೆಯ ಪಕ್ಕದ ಗೂಡಿನಿಂದ ಬಚ್ಚಲಿಗೆ ಬಂದವು. ಅಜ್ಜಿಗೆ ಅದರಲ್ಲಿ ಏನಿದೆ ಎಂದು ಕೇಳಬೇಕಾಗಿರಲಿಲ್ಲ, ಬೀಸಿದವಳು ಅವಳೇ. ಈಗ ಅದೇ ವಸ್ತುಗಳು ಕಾರ್ಖಾನೆಯಿಂದ ಲ್ಯಾಟಿನ್ ಹೆಸರು ಹೊತ್ತು ಬರುತ್ತಿವೆ.

ಕಾಯಿದೆಯ ಗೆರೆ ಎಷ್ಟು ತೆಳುವಾದದ್ದು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪೇ ಸಾಕ್ಷಿ. ಚಿಕ್ಕ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ತಿನ್ನುವ ಎಣ್ಣೆಯೋ ಕೂದಲೆಣ್ಣೆಯೋ ಎಂಬ ತೆರಿಗೆಯ ವ್ಯಾಜ್ಯ ವರ್ಷಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಇತ್ಯರ್ಥವಾಯಿತು. ಕೂದಲೆಣ್ಣೆ ಎಂದೇ ಲೇಬಲ್ ಹಾಕಿ ಮಾರಿದರೆ ಅದು ಕೂದಲೆಣ್ಣೆ, ಇಲ್ಲವಾದರೆ ಖಾದ್ಯತೈಲ ಎಂಬುದು ತೀರ್ಪಿನ ತಿರುಳು. ಒಳಗಿರುವುದು ಒಂದೇ ಎಣ್ಣೆ, ಹೊರಗಿನ ಚೀಟಿಯ ಮೇಲೆ ಕಾಯಿದೆ ಬದಲಾಗುತ್ತದೆ. ಈ ಮಾತನ್ನು ಶೇಂಗಾ, ಬಾದಾಮಿಯ ಪುಡಿ ಬೆರೆಸಿದ ಸಾಮಾನಿಗೆ ಅನ್ವಯಿಸಿ ನೋಡಿ. ತಿನ್ನಲು ಮಾರಿದರೆ ಎಚ್ಚರಿಕೆಯ ಸಾಲು ಬೇಕು, ಮೈಗೆ ಹಚ್ಚಲು ಮಾರಿದರೆ ಬೇಡ.

ಹಚ್ಚಿದರೆ ಏನಾಗುತ್ತದೆ, ತಿಂದರೆ ತಾನೆ ಅಪಾಯ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಗಟ್ಟಿಯಾದ ಚರ್ಮ ಒಳ್ಳೆಯ ಕೋಟೆ, ದೊಡ್ಡ ಪ್ರೋಟೀನ್ ಕಣಗಳನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಆದರೆ ಇಸುಬು ಆದ ಮಗುವಿನ ಒಣಗಿ ಬಿರುಕು ಬಿಟ್ಟ ಚರ್ಮ ಹಾಗಲ್ಲ. ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಂಗಾ ಅಲರ್ಜಿ ಬಂದ ಮಕ್ಕಳಿಗೆ ಕೂಸಾಗಿದ್ದಾಗ ಶೇಂಗಾ ಎಣ್ಣೆ ಬೆರೆತ ಕ್ರೀಮುಗಳನ್ನು ಹಚ್ಚಿದ್ದು ಉಳಿದ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಕಂಡುಬಂತು. ಅದು ಸಂಬಂಧವನ್ನು ತೋರಿಸಿತು, ಕಾರಣವನ್ನು ಪೂರ್ತಿ ಸಾಬೀತು ಮಾಡಲಿಲ್ಲ. ಆದರೂ ಅಲ್ಲಿಂದ ಒಂದು ವಿಚಾರ ಬೆಳೆಯಿತು: ಬಾಯಿಯ ದಾರಿಯಿಂದ ಒಳಗೆ ಹೋದ ಆಹಾರವನ್ನು ದೇಹ ತನ್ನದೆಂದು ಒಪ್ಪಿಕೊಳ್ಳಲು ಕಲಿಯುತ್ತದೆ, ಬಿರುಕು ಬಿಟ್ಟ ಚರ್ಮದ ದಾರಿಯಿಂದ ಹೋದದ್ದನ್ನು ಪರಕೀಯ ಎಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಲ್ಯಾಕ್ ತಂಡ 640 ಕೂಸುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರ ಕಣ್ಣೆದುರು ಎಳೆತನದಲ್ಲೇ ಶೇಂಗಾ ತಿನ್ನಿಸಲು ಶುರು ಮಾಡಿದ ಮಕ್ಕಳಲ್ಲಿ ಐದನೇ ವರ್ಷಕ್ಕೆ ಶೇಂಗಾ ಅಲರ್ಜಿ ನೂರಕ್ಕೆ ಸುಮಾರು ಎಂಬತ್ತರಷ್ಟು ತಗ್ಗಿತ್ತು. ಎಳೆಮಕ್ಕಳಿಗೆ ಶೇಂಗಾ ಪುಡಿ ಕಲಸಿದ ಅನ್ನ ತಿನ್ನಿಸುವ ನಮ್ಮ ತಾಯಂದಿರ ಪದ್ಧತಿಗೆ ಈ ಫಲಿತಾಂಶ ಬೆಂಬಲವಾಗಿಯೇ ಇದೆ.

ಇನ್ನೂ ಗಟ್ಟಿಯಾದ ಸಾಕ್ಷಿ ಜಪಾನಿನದು. ಅಲ್ಲಿ ಮುಖ ತೊಳೆಯುವ ಒಂದು ಸೋಪಿನಲ್ಲಿ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ್ದರು. ಅದುವರೆಗೆ ಆರಾಮವಾಗಿ ಬ್ರೆಡ್ಡು, ನೂಡಲ್ಸು ತಿನ್ನುತ್ತಿದ್ದ ಹೆಂಗಸರಿಗೆ ಆ ಸೋಪು ಬಳಸಿದ ಮೇಲೆ ಗೋಧಿ ತಿಂದರೆ ಕಣ್ಣುರೆಪ್ಪೆ ಊದತೊಡಗಿತು, ಗಂದೆ ಎದ್ದವು, ಕೆಲವರಿಗೆ ಉಸಿರೇ ಕಟ್ಟಿತು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. ಲೆಕ್ಕಕ್ಕೆ ಸಿಕ್ಕ ರೋಗಿಗಳೇ ಎರಡು ಸಾವಿರ ದಾಟಿದರು. ಸೋಪು ಅಂದರೆ ಹಚ್ಚಿ ತೊಳೆದುಬಿಡುವುದು, ಅದರಿಂದ ಏನಾದೀತು ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು. ಯುರೋಪಿನ ಒಕ್ಕೂಟ 2017ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಸೌಂದರ್ಯವರ್ಧಕಕ್ಕೆ ಬಳಸುವ ಶೇಂಗಾ ಎಣ್ಣೆಯಲ್ಲಿ ಶೇಂಗಾ ಪ್ರೋಟೀನು ಹತ್ತು ಲಕ್ಷ ಪಾಲಿಗೆ ಅರ್ಧ ಪಾಲು ಮೀರಬಾರದು ಎಂದಿತು. ಗೋಧಿ ಪ್ರೋಟೀನಿನ ತುಣುಕುಗಳ ಗಾತ್ರಕ್ಕೂ ಮಿತಿ ಹಾಕಿತು.

ಪ್ರೋಟೀನು ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ಅಲರ್ಜಿ ಏಳುವುದು ಬೀಜದ ಕೊಬ್ಬಿಗಲ್ಲ, ಪ್ರೋಟೀನಿಗೆ. ಕಾರ್ಖಾನೆಯಲ್ಲಿ ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಅದು ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಬರೀ ಹಿಂಡಿ ತೆಗೆದ ಎಣ್ಣೆಯಲ್ಲಿ ಉಳಿದಿರುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 1997ರಲ್ಲಿ ಬಂದ ಪರೀಕ್ಷೆಯೊಂದರಲ್ಲಿ ಶೇಂಗಾ ಅಲರ್ಜಿಯಿದ್ದ 60 ಮಂದಿಗೆ ಎರಡೂ ಬಗೆಯ ಎಣ್ಣೆ ತಿನ್ನಿಸಿ ನೋಡಿದರು. ರಿಫೈನ್ ಮಾಡಿದ್ದಕ್ಕೆ ಒಬ್ಬರಿಗೂ ಏನೂ ಆಗಲಿಲ್ಲ, ಕಚ್ಚಾ ಎಣ್ಣೆಗೆ ಆರು ಮಂದಿಗೆ ಅಲರ್ಜಿ ಎದ್ದಿತು.

ಈ ಫಲಿತಾಂಶ ನಮ್ಮ ಊರುಗಳ ಇಂದಿನ ಒಲವಿಗೆ ನೇರ ಎದುರು ನಿಲ್ಲುತ್ತದೆ. ಗಾಣದೆಣ್ಣೆಯ ಅಂಗಡಿಗಳು ಈಗ ಎಲ್ಲೆಲ್ಲೂ ಇವೆ, ಮರದ ಗಾಣದ್ದು, ಬಿಸಿ ತಾಗಿಸದ್ದು, ಏನೂ ಬೆರೆಸದ್ದು ಎಂದು ಬೋರ್ಡು ಹಾಕಿರುತ್ತಾರೆ. ಅಡುಗೆಗೆ ಅದು ಬಹಳ ಒಳ್ಳೆಯದು, ಗಾಣ ಉಳಿಯಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಶೇಂಗಾ ಒಗ್ಗದವರ ಮಟ್ಟಿಗೆ ಏನೂ ತೆಗೆಯದ ಎಣ್ಣೆ ಅಂದರೆ ಪ್ರೋಟೀನನ್ನೂ ತೆಗೆಯದ ಎಣ್ಣೆ. ಸೋಪು, ಕ್ರೀಮುಗಳ ಮೇಲೆ ಬರೆಯುವ ಕೋಲ್ಡ್ ಪ್ರೆಸ್ಡ್, ವರ್ಜಿನ್, ಅನ್‌ರಿಫೈನ್ಡ್ ಎಂಬ ಮಾತುಗಳನ್ನು ಅವರು ಎಚ್ಚರಿಕೆ ಎಂದೇ ಓದಬೇಕು. ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದಕ್ಕೂ ನಿಸರ್ಗದ್ದೋ ಕಾರ್ಖಾನೆಯದ್ದೋ ಎಂಬುದಕ್ಕೂ ಸಂಬಂಧವಿಲ್ಲ.

ಬಜಾರಿನ ಫ್ಯಾನ್ಸಿ ಸ್ಟೋರೊಂದರಲ್ಲಿ ಈ ಗೊಂದಲವನ್ನು ಹತ್ತಿರದಿಂದ ನೋಡಿದೆ. ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಹಿರಿಯ ಹೆಂಗಸೊಬ್ಬರು ಕ್ರೀಮಿನ ಡಬ್ಬಿ ಹಿಡಿದು, "ಇದರಾಗ ಶೇಂಗಾ ಬಾದಾಮಿ ಏನರ ಐತೇನಪ್ಪಾ? ನಮ್ಮ ಕೂಸಿಗೆ ಆಗಿಬರಂಗಿಲ್ಲ" ಎಂದು ಕೇಳಿದರು. "ಏನಿಲ್ಲಮ್ಮ, ಎಲ್ಲಾ ಗಿಡಮೂಲಿಕೆದು, ನ್ಯಾಚುರಲ್" ಎಂದ ಅಂಗಡಿಯ ಹುಡುಗ. ಅವನು ಸುಳ್ಳು ಹೇಳಲಿಲ್ಲ, ತಿಳಿದಷ್ಟು ಹೇಳಿದ. ಡಬ್ಬಿಯ ಮುಂದೆ ಗುಲಾಬಿಯ ಚಿತ್ರ. ಹಿಂದೆ ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರ. ನೀರು, ಗ್ಲಿಸರಿನ್ ಆದ ಮೇಲೆ ಪ್ರೂನಸ್ ಅಮಿಗ್ಡಲಸ್ ಡಲ್ಸಿಸ್ ಆಯಿಲ್, ಆಮೇಲೆ ಬ್ಯುಟಿರೋಸ್ಪರ್ಮಮ್ ಪಾರ್ಕಿ ಬಟರ್, ಅದರ ಕೆಳಗೆ ಅರಾಕಿಡಿಲ್ ಆಲ್ಕೊಹಾಲ್. ರೋಜಾ ಹೂವಿನ ನೀರು ಕೊನೆಯ ಸಾಲಿನಲ್ಲಿತ್ತು. ಅರ್ಥವಾಗದ ಆ ಮೂರು ಹೆಸರುಗಳಲ್ಲಿ ಮೊದಲನೆಯದು ಸಿಹಿ ಬಾದಾಮಿಯ ಎಣ್ಣೆ, ಆ ಅಜ್ಜಿ ಹೆದರಿದ್ದೂ ಅದಕ್ಕೇ. ಎರಡನೆಯದು ಶಿಯಾ ಬೆಣ್ಣೆ. ಮೂರನೆಯದರ ಹೆಸರು ಶೇಂಗಾದ ಅರಾಕಿಸ್ ಎಂಬ ಲ್ಯಾಟಿನ್ ಹೆಸರಿನಿಂದ ಹುಟ್ಟಿದ್ದು, ಆದರೆ ಅದು ಕೊಬ್ಬಿನ ಜಾತಿಯ ಮೇಣದಂಥ ವಸ್ತು, ಶೇಂಗಾದ ಪ್ರೋಟೀನಲ್ಲ. ನಿಜವಾಗಿ ಬಿಡಬೇಕಾದದ್ದು ಇಂಗ್ಲಿಷ್ ಬಲ್ಲವರಿಗೂ ಗುರುತು ಸಿಗುವುದಿಲ್ಲ, ಹೆದರಬೇಕಿಲ್ಲದ್ದು ಹೆಸರಿನಿಂದಲೇ ಹೆದರಿಸುತ್ತದೆ. ಅಜ್ಜಿಗೆ ವಿಷಯ ತಿಳಿಸಿದೆ. ಡಬ್ಬಿ ಇಟ್ಟು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದುಕೊಂಡು ಹೋದರು.

ಬಾದಾಮಿಯ ಹಾಗೆಯೇ ಶೇಂಗಾ ಅರಾಕಿಸ್ ಹೈಪೋಜಿಯಾ, ಎಳ್ಳು ಸೆಸಾಮಮ್ ಇಂಡಿಕಮ್, ಗೋಡಂಬಿ ಅನಕಾರ್ಡಿಯಮ್ ಆಕ್ಸಿಡೆಂಟಾಲೆ, ಅಕ್ರೋಟು ಜಗ್ಲನ್ಸ್ ರೀಜಿಯಾ, ಹೇಜಲ್‌ನಟ್ ಕೊರಿಲಸ್ ಅವೆಲಾನಾ, ಪಿಸ್ತಾ ಪಿಸ್ಟಾಸಿಯಾ ವೆರಾ. ಗ್ಲೈಸಿನ್ ಸೋಜಾ ಎಂದರೆ ಸೋಯಾ. ಸೋಪಾಗುವಾಗ ಎಣ್ಣೆಯ ಹೆಸರು ಮತ್ತೂ ಬದಲಾಗುತ್ತದೆ. ಶೇಂಗಾ ಎಣ್ಣೆಯ ಸೋಪು ಸೋಡಿಯಂ ಪೀನಟೇಟ್ ಆಗುತ್ತದೆ, ಬಾದಾಮಿಯದ್ದು ಸೋಡಿಯಂ ಸ್ವೀಟ್ ಆಲ್ಮಂಡೇಟ್. ಮುಖ ಉಜ್ಜುವ ಸ್ಕ್ರಬ್ಬಿನಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ ಇರುತ್ತದೆ, ಕೂದಲ ಕಂಡಿಷನರಿನಲ್ಲಿ ಹೈಡ್ರೊಲೈಸ್ಡ್ ಸ್ವೀಟ್ ಆಲ್ಮಂಡ್ ಪ್ರೋಟೀನ್ ಇರಬಹುದು. ಕೊನೆಯದು ಎಣ್ಣೆಯಲ್ಲ, ಪ್ರೋಟೀನೇ. ಅಲರ್ಜಿ ಇರುವವರು ಮೊದಲು ಹುಡುಕಬೇಕಾದದ್ದು ಅದನ್ನು.

ಲ್ಯಾಟಿನ್ ಹೆಸರು ಕಷ್ಟವಾದರೂ ಅದಕ್ಕೊಂದು ಗುಣವಿದೆ, ಒಂದು ಹೆಸರಿಗೆ ಒಂದೇ ಗಿಡ. ನಮ್ಮ ಆಡುಮಾತಿನ ಹೆಸರುಗಳಿಗೆ ಆ ಶಿಸ್ತಿಲ್ಲ. ನಮ್ಮ ಶಾಲೆಗಳ ಅಂಗಳದಲ್ಲಿ ಮಕ್ಕಳು ಕಲ್ಲಿನಿಂದ ಜಜ್ಜಿ ತಿನ್ನುವ ಬಾದಾಮಿ, ನಿಜವಾದ ಬಾದಾಮಿಯ ಕುಲದ್ದೇ ಅಲ್ಲ. ಅದು ಟರ್ಮಿನೇಲಿಯಾ ಕಟಪ್ಪ, ಅಳಲೆ, ತಾರೆ, ಮತ್ತಿಗಳ ಬಳಗದ ಮರ. ಕರಾವಳಿಯಲ್ಲಿ ಗೇರುಬೀಜ ಅಂದರೆ ಗೋಡಂಬಿ, ಒಳನಾಡಿನಲ್ಲಿ ಕೇರುಬೀಜ ಅಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು. ಸಂಸ್ಕೃತದಲ್ಲಿ ಭಲ್ಲಾತಕ, ಲ್ಯಾಟಿನ್ನಿನಲ್ಲಿ ಸೆಮೆಕಾರ್ಪಸ್ ಅನಕಾರ್ಡಿಯಮ್. ಅದರ ಎಣ್ಣೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ. ಗುರುತು ಹಾಕಿದ ಬಟ್ಟೆ ತೊಟ್ಟವರ ಕುತ್ತಿಗೆ, ಸೊಂಟದಲ್ಲೂ ನವೆ ಏಳುತ್ತಿತ್ತು. ಅದು ತಿಂದ ಕೂಡಲೇ ಗಂಟಲು ಊದುವ ಅಲರ್ಜಿಯಲ್ಲ, ಒಂದೆರಡು ದಿನ ಬಿಟ್ಟು ಚರ್ಮದಲ್ಲಿ ಏಳುವ ಬೇರೆ ಜಾತಿಯದು. ಗೋಡಂಬಿ, ಪಿಸ್ತಾ, ಮಾವು, ಕರಿಗೇರು, ಚಾರೋಳಿ ಎಲ್ಲ ಒಂದೇ ಕುಟುಂಬದವು. ಗೋಡಂಬಿ ಒಗ್ಗದವರಿಗೆ ಪಿಸ್ತಾ ಕೂಡ ಒಗ್ಗದಿರುವುದು ಸಾಮಾನ್ಯ. ಹಾಗಾಗಿ ಅಂಥವರು ಚಾರೋಳಿ ಅರೆದು ಮಾಡುವ ಉಬಟನ್ನಿನ ಬಗ್ಗೆ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಕುಟುಂಬ ಒಂದೇ ಎಂದ ಮಾತ್ರಕ್ಕೆ ಅಪಾಯವೂ ಒಂದೇ ಅಲ್ಲ. ಶೇಂಗಾ ಮರದ ಬೀಜವಲ್ಲ, ಬೇಳೆಕಾಳಿನ ಬಳಗದ್ದು. ಕಡಲೆ, ಹೆಸರು, ತೊಗರಿ, ಮೆಂತ್ಯ, ಸೀಗೆಕಾಯಿ, ಹೊಂಗೆ ಎಲ್ಲವೂ ಅದರ ದಾಯಾದಿಗಳು. ಶೇಂಗಾ ಒಗ್ಗದ ಬಹುಪಾಲು ಜನ ಬೇಳೆ ಸಾರು ಉಣ್ಣುತ್ತಾರೆ, ಕಡಲೆಹಿಟ್ಟು ಹಚ್ಚಿಕೊಂಡರೂ ಏನೂ ಆಗುವುದಿಲ್ಲ. ಆದರೆ ಮೆಂತ್ಯದ ಪ್ರೋಟೀನು ಶೇಂಗಾದ್ದನ್ನು ಹೋಲುತ್ತದೆ, ಕೆಲವರಿಗೆ ಎರಡೂ ಒಗ್ಗದಿರುವುದು ದಾಖಲಾಗಿದೆ. ತಲೆಗೆ ಮೆಂತ್ಯ ಹಚ್ಚಿದಾಗಲೆಲ್ಲ ಹಣೆ, ಕಿವಿ ಊದುವ ಮಗುವಿದ್ದರೆ ಅದನ್ನು ಪಿತ್ತದ ಗಂದೆ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ಹೆಸರಿನಲ್ಲಿ ನಟ್ ಇದ್ದ ಮಾತ್ರಕ್ಕೆ ಬಿಸಾಡಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಸೋಪ್‌ನಟ್ ಅಂದರೆ ನಮ್ಮ ಅಂಟುವಾಳ, ಗ್ರಂಥಿಗೆ ಅಂಗಡಿಯಲ್ಲಿ ಮೊರದ ತುಂಬ ಇರುತ್ತದೆ, ಅಕ್ಕಸಾಲಿಗರು ಬೆಳ್ಳಿ ಬಂಗಾರ ತೊಳೆಯುವುದು ಅದರಲ್ಲೇ. ಅದರ ಸಿಪ್ಪೆ ಕಣ್ಣಿಗೆ ಬಿದ್ದರೆ ಉರಿಯುತ್ತದೆ ನಿಜ, ಆದರೆ ಬಾದಾಮಿ-ಗೋಡಂಬಿಗೂ ಅದಕ್ಕೂ ನಂಟಿಲ್ಲ. ಜಾಯಿಕಾಯಿಯೂ ಹಾಗೆಯೇ. ತೆಂಗನ್ನು ಅಮೆರಿಕದ ಆಹಾರ ಇಲಾಖೆ ಬಹುಕಾಲ ಮರದ ಬೀಜಗಳ ಪಟ್ಟಿಯಲ್ಲಿ ಇಟ್ಟಿತ್ತು, 2025ರ ಜನವರಿಯಲ್ಲಿ ಕೈಬಿಟ್ಟಿತು. ತೆಂಗಿಗೆ ಅಲರ್ಜಿ ಇರುವವರು ಇದ್ದಾರೆ, ಆದರೆ ಬಾದಾಮಿ ಒಗ್ಗದವರೆಲ್ಲ ಕೊಬ್ಬರಿ ಎಣ್ಣೆ ಬಿಡಬೇಕಾಗಿಲ್ಲ. ಎಳ್ಳಿನದು ಇದಕ್ಕೆ ತಿರುಗುಮುರುಗು. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಒಂಬತ್ತನೆಯ ಮುಖ್ಯ ಅಲರ್ಜಿಕಾರಕ ಎಂದು ಸಾರಿದ್ದಾರೆ, ನಮ್ಮ ಆಹಾರದ ಪಟ್ಟಿಯಲ್ಲೂ ಅದಿಲ್ಲ. ಎಳ್ಳಮಾವಾಸ್ಯೆಯ, ಸಂಕ್ರಾಂತಿ ಎಳ್ಳುಬೆಲ್ಲದ ನಾಡಿನಲ್ಲಿ ಎಳ್ಳನ್ನು ಬಿಟ್ಟದ್ದು ಸರಿಯಲ್ಲ.

ಶಿಯಾ ಬೆಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಈಗ ಅದಿಲ್ಲದ ಕ್ರೀಮೇ ಅಪರೂಪ. ಪಶ್ಚಿಮ ಆಫ್ರಿಕಾದ ಒಣನಾಡಿನ ಮರದ ಬೀಜದಿಂದ ತೆಗೆಯುವ ಈ ಕೊಬ್ಬು ಕೇಳಲು ಅಪರಿಚಿತ. ಆದರೆ ಆ ಮರ ನಮ್ಮ ಹಿಪ್ಪೆ ಮರದ, ಸಪೋಟದ ಕುಟುಂಬದ್ದು. ಹಿಪ್ಪೆ ಬೀಜದೆಣ್ಣೆ ದೇವರ ದೀಪಕ್ಕೆ, ಮೈಕೈ ನೋವಿಗೆ ತಲೆತಲಾಂತರದಿಂದ ಬಳಕೆಯಲ್ಲಿದೆ. ಶಿಯಾ ಬೆಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಶೇಂಗಾ ಮತ್ತು ಮರದ ಬೀಜಗಳ ಅಲರ್ಜಿ ಇರುವವರ ರಕ್ತದ ಪ್ರತಿಕಾಯಗಳು ಅಂಟಿಕೊಳ್ಳುವಂಥ ಪ್ರೋಟೀನು ಅದರಲ್ಲಿ ಪತ್ತೆಯಾಗಲಿಲ್ಲ ಎಂದು 2011ರಲ್ಲಿ ವರದಿ ಮಾಡಿದ್ದಾರೆ. ಅದೇ ಕುಟುಂಬದ, ಮೊರಾಕ್ಕೊದ ಅರ್ಗಾನ್ ಎಣ್ಣೆಗೆ ಮಾತ್ರ ತೀವ್ರ ಅಲರ್ಜಿ ಆದ ಒಂದು ಪ್ರಕರಣ ವೈದ್ಯಕೀಯ ಸಾಹಿತ್ಯದಲ್ಲಿದೆ. ಹೊಸ ಗಿಡದ ಹೆಸರು ಕಂಡಾಗ ಕೇಳಬೇಕಾದದ್ದು ಇಂಥ ಪ್ರಶ್ನೆಗಳು: ಯಾವ ಕುಟುಂಬ, ಬಳಸಿದ್ದು ಬೀಜವೋ ಎಲೆಯೋ ತೊಗಟೆಯೋ, ಎಣ್ಣೆ ರಿಫೈನ್ ಮಾಡಿದ್ದೋ ಅಲ್ಲವೋ, ಹಚ್ಚುವುದು ಎಲ್ಲಿಗೆ. ತುಟಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಹಾಲೂಡುವ ತಾಯಿ ಎದೆಗೆ ಹಚ್ಚಿದ್ದು ಕೂಸಿನ ಬಾಯಿಗೆ ಹೋಗುತ್ತದೆ. ಈ ಎರಡು ಕಡೆ ಅನುಮಾನವಿದ್ದರೆ ಬಿಡುವುದೇ ಸರಿ.

ಆಯುರ್ವೇದದ ತೈಲಗಳ ವಿಷಯದಲ್ಲಿ ಕಾಯಿದೆ ಒಂದು ಹೆಜ್ಜೆ ಮುಂದಿದೆ. 1945ರ ಔಷಧ ನಿಯಮಗಳ 161ನೆಯ ನಿಯಮ, ಬಳಸಿದ ಗಿಡಗಳ ಸಸ್ಯಶಾಸ್ತ್ರೀಯ ಹೆಸರು ಮತ್ತು ಯಾವ ಭಾಗ ಎಂಬುದನ್ನು ಹೇಳಬೇಕೆನ್ನುತ್ತದೆ. ಆದರೆ ಕೊಳ್ಳುವವರ ಕಣ್ಣು ಕೇಸರಿ, ಬ್ರಾಹ್ಮಿ ಎಂಬ ದೊಡ್ಡ ಹೆಸರುಗಳ ಮೇಲಿರುತ್ತದೆ, ತೈಲಕ್ಕೆ ಆಧಾರವಾದ ಎಣ್ಣೆಯ ಮೇಲಲ್ಲ. ಕುಂಕುಮಾದಿ ತೈಲದ ಶಾಸ್ತ್ರೋಕ್ತ ಪಾಕಕ್ಕೆ ಆಧಾರ ತಿಲತೈಲ, ಅಂದರೆ ಎಳ್ಳೆಣ್ಣೆ, ಜೊತೆಗೆ ಆಡಿನ ಹಾಲು. ಎಳ್ಳು ಅಥವಾ ಹಾಲು ಒಗ್ಗದವರಿಗೆ ಇದು ಮುಖ್ಯ. ವಾತಾದ ಎಂದರೆ ಬಾದಾಮಿ, ಅಕ್ಷೋಟ ಎಂದರೆ ಅಕ್ರೋಟು, ಪ್ರಿಯಾಲ ಎಂದರೆ ಚಾರೋಳಿ ಎಂದು ತಿಳಿದಿದ್ದರೆ ಬಾಟಲಿಯ ಸಂಸ್ಕೃತವೂ ಬಾಯಿಬಿಡುತ್ತದೆ.

ಹೆಚ್ಚು ಚಿಂತೆ ಹುಟ್ಟಿಸುವುದು ಚೀಟಿಯೇ ಇಲ್ಲದ ಸಾಮಾನು. ಹಂಪಿಯಲ್ಲಿ ಪ್ರವಾಸಿಗರಿಗೆ, ಸಂಡೂರಿನ ಜಾತ್ರೆಯಲ್ಲಿ ಊರವರಿಗೆ ಕೈಯಿಂದ ಮಾಡಿದ ಸೋಪು, ಎಣ್ಣೆ, ಉಬಟನ್ನು ಮಾರುವವರಿದ್ದಾರೆ. ಮಾಡುವವರಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಂಗಸರೂ ಇದ್ದಾರೆ, ಅವರ ದುಡಿಮೆಗೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ವಿದೇಶದಿಂದ ಹಂಪಿಗೆ ಬರುವವರಲ್ಲಿ ನಟ್ ಅಲರ್ಜಿ ನಮ್ಮವರಿಗಿಂತ ಹೆಚ್ಚು, ಅವರು ಮೊದಲು ಕೇಳುವುದೇ ಅದನ್ನು. ಪೊಟ್ಟಣಕ್ಕೆ ಅಂಟಿಸಿದ ಕೈಬರಹದ ಚೀಟಿಯಲ್ಲಿ "ಕೊಬ್ಬರಿ ಎಣ್ಣೆ, ಔಡಲೆಣ್ಣೆ, ಬೇವು. ಶೇಂಗಾ, ಬಾದಾಮಿ, ಎಳ್ಳು ಇಲ್ಲ" ಎಂದು ಬರೆಯಲು ಖರ್ಚೇನೂ ಇಲ್ಲ. ಆದರೆ ಶೇಂಗಾ ಹುರಿದ ಬಾಣಲೆಯಲ್ಲೇ ಸೋಪಿನ ಎಣ್ಣೆ ಕಾಯಿಸಿದ್ದರೆ ಹಾಗೆ ಬರೆಯುವಂತಿಲ್ಲ.

ಇಷ್ಟು ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಗಲಾಟೆ ಬೇಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕರ್ನಾ­ಟಕದಲ್ಲೇ ಮೈಸೂರಿನ ವೈದ್ಯ ಪಿ. ಎ. ಮಹೇಶ್ ಮತ್ತು ಸಂಗಡಿಗರು ವಯಸ್ಕರ ನಡುವೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯ ಕಂಡವರು ಶೇಕಡಾ 26.5. ಲಕ್ಷಣವೂ ಸೇರಿ ಆಹಾರದ ಅಲರ್ಜಿ ಇರಬಹುದಾದವರು ಶೇಕಡಾ 1.2 ಮಾತ್ರ. ರಕ್ತದ ವರದಿ ನೋಡಿ ಮನೆಯ ಅರ್ಧ ಸಾಮಾನು ಬಿಸಾಡುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೆನಪಿಡಬೇಕು. ಅಲರ್ಜಿ ಇಲ್ಲದ ಮನೆಗೆ ಈ ಲೇಖನದ ಭಯ ಬೇಡ, ಬಾದಾಮಿ ಎಣ್ಣೆ ಧಾರಾಳವಾಗಿ ಹಚ್ಚಿಕೊಳ್ಳಲಿ. ಆದರೆ ಅಪರೂಪ ಎಂಬುದು ಊರಿನ ಲೆಕ್ಕ. ಆ ಒಂದು ಮನೆಯವರು ದಿನಾ ಅದರೊಂದಿಗೇ ಬದುಕಬೇಕು. ನೂರು ಜನಕ್ಕೆ ಒಬ್ಬರು ಎಂದರೂ ಹೊಸಪೇಟೆಯಂಥ ಊರಿನಲ್ಲಿ ಅದು ಸಾವಿರದ ಲೆಕ್ಕ. ಅವರಿಗಾಗಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಒಂದು ಸಾಲು ಬರೆಯಲು ಸಾಧ್ಯವಾದ ದೇಶಕ್ಕೆ ಸೋಪಿನ ಪೊಟ್ಟಣದ ಮೇಲೆ ಬರೆಯುವುದು ಭಾರವಾಗಲಾರದು.

ಅಲ್ಲಿಯವರೆಗೆ ಅಂಥ ಮನೆಯವರು ಮಾಡಬಹುದಾದದ್ದು ಸ್ವಲ್ಪ ಇದೆ. ಪಟ್ಟಿ ಇಲ್ಲದ ಸ್ಯಾಶೆ ಬಿಟ್ಟು, ಪಟ್ಟಿ ಇರುವ ದೊಡ್ಡ ಬಾಟಲಿ ಕೊಳ್ಳುವುದು. ಪಟ್ಟಿಯ ಫೋಟೊ ಮೊಬೈಲಿನಲ್ಲಿ ಹಿಡಿದು ವೈದ್ಯರಿಗೋ ಓದಬಲ್ಲ ನೆಂಟರಿಗೋ ತೋರಿಸುವುದು. ಅದೇ ಬ್ರಾಂಡನ್ನು ಮತ್ತೆ ಕೊಂಡಾಗಲೂ ಓದುವುದು, ಕಂಪನಿಗಳು ಹೇಳದೆ ಕೇಳದೆ ಪಾಕ ಬದಲಿಸುತ್ತವೆ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧೀಯ ಸಸ್ಯಗಳ ಲ್ಯಾಟಿನ್ ಮತ್ತು ದೇಶಭಾಷೆಗಳ ಹೆಸರುಗಳನ್ನು ಒಟ್ಟುಗೂಡಿಸಿದೆ, ಅಪರಿಚಿತ ಗಿಡದ ಕನ್ನಡ ಹೆಸರು ಹುಡುಕಲು ಅದು ನೆರವಾಗುತ್ತದೆ. ಹಿಂದೆ ತೀವ್ರ ಅಲರ್ಜಿಯಾಗಿದ್ದ ಮಗುವಿನ ಮೇಲೆ ಸ್ವಲ್ಪ ಹಚ್ಚಿ ನೋಡೋಣ ಎಂಬ ಪರೀಕ್ಷೆ ಮನೆಯಲ್ಲಿ ಖಂಡಿತ ಬೇಡ. ತುಟಿ, ನಾಲಗೆ ಊದಿದರೆ, ಉಸಿರು ಸಿಳ್ಳೆ ಹೊಡೆದರೆ, ಮಗು ಸಪ್ಪಗಾಗಿ ಬಿದ್ದರೆ ಹಸಿಅರಿಶಿನ, ಕಂಬಳಿ ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು. ಇಂಥ ತೀವ್ರ ಅಲರ್ಜಿಗೆ ಮೊದಲ ಮದ್ದು ಅಡ್ರಿನಲಿನ್ ಚುಚ್ಚುಮದ್ದು.

ಉಳಿದದ್ದು ಸರ್ಕಾರದ ಕೆಲಸ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ರ ಅನ್ವಯ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಸುವ ಬಗೆ ಕನ್ನಡದಲ್ಲೂ ಇರಬೇಕೆಂದು ಹೇಳಿದ್ದಾಗಿದೆ. ಘಟಕಗಳ ಪಟ್ಟಿಯಲ್ಲಿ ಶೇಂಗಾ, ಬಾದಾಮಿ, ಗೋಡಂಬಿ, ಅಕ್ರೋಟು, ಪಿಸ್ತಾ, ಎಳ್ಳು, ಗೋಧಿ, ಸೋಯಾ, ಹಾಲು ಇವಿಷ್ಟರ ಹೆಸರನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಎಷ್ಟೇ ಚಿಕ್ಕ ಸ್ಯಾಶೆಯಾದರೂ ಸರಿ, ಬರೆಯಬೇಕೆಂದು ರಾಜ್ಯ ಕೇಳಲಿ, ಕೇಂದ್ರ ತನ್ನ 2020ರ ನಿಯಮಕ್ಕೆ ಸೇರಿಸಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಲ್ಯಾಟಿನ್, ಸಂಸ್ಕೃತ, ಊರ ಹೆಸರು ಮೂರನ್ನೂ ಎದುರುಬದುರು ಇಟ್ಟ ಒಂದು ಹಾಳೆ ಅಚ್ಚು ಹಾಕಿ ಅಂಗನವಾಡಿ, ಔಷಧದಂಗಡಿ, ಗ್ರಂಥಿಗೆ ಅಂಗಡಿಗಳಿಗೆ ಹಂಚಲಿ. ಸೋಪು ಮಾಡುವ ಅಕ್ಕಂದಿರು ಕಾಯಿದೆಗೆ ಕಾಯದೆ ಈ ವಾರದಿಂದಲೇ ಚೀಟಿ ಬರೆಯಲಿ. ಓದುಗರು ಕೂಸು ನೋಡಲು ಹೋಗುವಾಗ ಎಣ್ಣೆ, ಕ್ರೀಮು ಒಯ್ಯುವುದಾದರೆ, ಕೊಳ್ಳುವ ಮುಂಚೆ ಆ ಮನೆಗೆ ಫೋನ್ ಮಾಡಿ, ಮಗುವಿಗೆ ಏನು ಒಗ್ಗುವುದಿಲ್ಲ ಎಂದು ಕೇಳಿಕೊಳ್ಳಿ.